ಕಾರಿಲ್ಲದ ದಾರೀಲಿ ಬೇ ತನಕ: ಫ್ರೀಮಾಂಟ್ ಕಟ್ಟೆಗಳ ಮೇಲೆ ಗ್ರಾವೆಲ್ ಸೈಕಲ್ ಓಡಿಸೋದು ಹೇಗೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟು, ಯೂನಿಯನ್ ಸಿಟಿ, ನ್ಯೂವರ್ಕ್ ಸುತ್ತಮುತ್ತ ಇರೋ ನಮ್ಮ ಕನ್ನಡದೋರ ಎಷ್ಟೋ ಮನೆ ಗ್ಯಾರೇಜಲ್ಲಿ ಒಂದು ಸೈಕಲ್ ಗೋಡೆಗೆ ನೇತು ಹಾಕಿರುತ್ತೆ, ಟೈರಲ್ಲಿ ಗಾಳಿ ಇರಲ್ಲ, ಕೇಳಿದ್ರೆ ಆಸೆ ಇದೆ ಕಣ್ರೀ ಆದ್ರೆ ರೋಡಲ್ಲಿ ಆ ಕಾರ್‌ಗಳ ಪಕ್ಕ ಓಡಿಸೋಕೆ ಜೀವ ಹೆದರುತ್ತೆ ಅಂತಾರೆ. ಅವರು ಹೇಳೋದು ಸರಿನೇ, ನಂಗೂ ಹೆದರಿಕೆ ಆಗುತ್ತೆ. ಆದ್ರೆ ಅವರ ಮನೆಯಿಂದ ಹತ್ತು ಹದಿನೈದು ನಿಮಿಷದ ದೂರದಲ್ಲೇ ಒಂದೇ ಒಂದು ಕಾರ್ ಬರದೇ ಇರೋ, ಸಿಗ್ನಲ್ ಇಲ್ಲದೇ ಇರೋ ಜಲ್ಲಿ ದಾರಿ ಬೆಟ್ಟದ ಬುಡದಿಂದ ಹೊರಟು ಸೀದಾ ಬೇ ತನಕ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಅನ್ನೋ ಸಮುದ್ರದ ಹಿನ್ನೀರಿನ ತನಕ ಹೋಗುತ್ತೆ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿರೋರೂ ಮಟಮಟ ಮಧ್ಯಾಹ್ನ ಹೋಗಿ ಗಾಳಿಗೆ ಸಿಕ್ಕಿ ಸುಸ್ತಾಗಿ ಬಂದು ಮತ್ತೆ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಬರೀತಿದೀನಿ, ಯಾವ ದಾರಿ, ಯಾವ ಹೊತ್ತು, ಯಾವ ಟೈರು, ಮತ್ತೆ ಮುಖ್ಯವಾಗಿ ಅಲ್ಲಿ ಇರೋ ಹಕ್ಕಿಗಳಿಗೆ ತೊಂದರೆ ಆಗದ ಹಾಗೆ ಹೆಂಗೆ ಓಡಿಸೋದು ಅಂತ.

ನಾನು ಹುಟ್ಟಿ ಬೆಳೆದಿದ್ದು ಕುಮಟಾ ತಾಲೂಕಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರೋ ಕಡೆ. ಗಜನಿ ಗದ್ದೆ, ಉಪ್ಪು ನೀರು ಒಳಗೆ ನುಗ್ಗದೇ ಇರಲಿ ಅಂತ ಹಾಕಿರೋ ಮಣ್ಣಿನ ಕಟ್ಟೆ, ಆಚೆ ಸಾಣಿಕಟ್ಟಾದ ಉಪ್ಪಿನ ಆಗರ, ಇದನ್ನೆಲ್ಲ ನೋಡ್ಕೊಂಡೇ ದೊಡ್ಡೋನಾಗಿದ್ದು. ಇಲ್ಲಿಗೆ ಬಂದು ಮೊದಲ ಸಲ ಬೇ ಅಂಚಿನ ಕಟ್ಟೆ ಹತ್ತಿ ನಿಂತಾಗ ಆ ಕೆಸರು ವಾಸನೆ ಮೂಗಿಗೆ ಬಡೀತಲ್ಲ, ಅಲ್ಲೇ ಐದು ನಿಮಿಷ ಸುಮ್ನೆ ನಿಂತುಬಿಟ್ಟೆ. ಅದೇ ವಾಸನೆ. ಗಾಳಿ ಆಡದ ಕೆಸರಲ್ಲಿ ಕೊಳೆಯೋ ಎಲೆ ಕಡ್ಡಿಯಿಂದ ಬರೋ ಗಂಧಕದ ವಾಸನೆ ಅದು, ಇಲ್ಲಿ ಕೆಲವರು ಮೂಗು ಮುಚ್ಕೋತಾರೆ, ನಂಗೆ ಮಾತ್ರ ಊರಿಗೆ ಹೋದಂಗೆ ಆಗುತ್ತೆ.

ಮೊದಲು ಜಾಗದ ಪರಿಚಯ ಮಾಡ್ಕೊಳಿ, ಯಾಕಂದ್ರೆ ಇದು ಸೈಕ್ಲಿಂಗ್‌ಗೆ ಅಂತ ಮಾಡಿದ ಜಾಗ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಬೇಯ ದಕ್ಷಿಣ ತುದೀಲಿ 1850ರ ದಶಕದಿಂದ ಉಪ್ಪು ಮಾಡ್ತಾ ಬಂದಿದಾರೆ, ಅದಕ್ಕೋಸ್ಕರ ಜೌಗು ಭೂಮಿಗೆ ಕಟ್ಟೆ ಹಾಕಿ ದೊಡ್ಡ ದೊಡ್ಡ ಕೊಳ ಮಾಡಿದ್ರು. ಬೇ ಸುತ್ತ ಇದ್ದ ಉಬ್ಬರದ ಜೌಗಿನಲ್ಲಿ 80%ಗೂ ಹೆಚ್ಚು ಹಿಂಗೇ ಉಪ್ಪಿನ ಕೊಳ, ಊರು, ಗದ್ದೆ ಅಂತ ಹೋಗ್ಬಿಡ್ತು. 1960ರ ದಶಕದಲ್ಲಿ ಇಲ್ಲಿನ ಜನ ಸಾಕಪ್ಪಾ ಅಂತ ಎದ್ದು ನಿಂತ್ರು, ಪಾಲೋ ಆಲ್ಟೋದ ಫ್ಲಾರೆನ್ಸ್ ಲಾರಿವಿಯರ್ ಥರದ ಸಾಮಾನ್ಯ ಮನೆಯವರು ದಶಕಗಟ್ಟಲೆ ಬಿಡದೇ ಓಡಾಡಿದ್ರು, ಸಂಸದ ಡಾನ್ ಎಡ್ವರ್ಡ್ಸ್ ವಾಷಿಂಗ್ಟನ್‌ನಲ್ಲಿ ಹಿಡಿದು ಎಳೆದ್ರು, 1972ರಲ್ಲಿ ಇದು ವನ್ಯಜೀವಿ ಧಾಮ ಆಯ್ತು. 1995ರಲ್ಲಿ ಅವರದೇ ಹೆಸರಿಟ್ರು, ಈಗ ಡಾನ್ ಎಡ್ವರ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೋ ಬೇ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್ ಅಂತಾರೆ, ಸುಮಾರು 30,000 ಎಕರೆ. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ 15,100 ಎಕರೆ ಉಪ್ಪಿನ ಕೊಳಗಳನ್ನ ಸರ್ಕಾರ ಕೊಂಡ್ಕೊಂಡು ಒಂದೊಂದೇ ಕಟ್ಟೆ ಒಡೆದು ಉಬ್ಬರದ ನೀರು ಮತ್ತೆ ಒಳಗೆ ಬರೋ ಹಾಗೆ ಮಾಡ್ತಾ ಇದಾರೆ. ಅಂದ್ರೆ ನೀವು ಸೈಕಲ್ ಓಡಿಸೋ ಕಟ್ಟೆ ಹಳೇ ಉಪ್ಪಿನ ಆಗರದ ಕಟ್ಟೆ, ಅದರ ಎರಡೂ ಕಡೆ ಇರೋದು ವಾಪಸ್ ಬರ್ತಿರೋ ಜೌಗು. ಇದನ್ನ ತಲೇಲಿಟ್ಕೊಂಡ್ರೆ ಮುಂದಿನ ನಿಯಮಗಳೆಲ್ಲ ತಾನಾಗೇ ಅರ್ಥ ಆಗುತ್ತೆ.

ಈಗ ದಾರಿ. ಹೊಸಬರಿಗೆ ನಾನು ಯಾವಾಗ್ಲೂ ಹೇಳೋದು ಅಲಮೀಡಾ ಕ್ರೀಕ್ ಟ್ರೇಲ್. ನೈಲ್ಸ್ ಕಣಿವೆ ಬಾಯಿಂದ ಶುರುವಾಗಿ ಬೇ ತನಕ ಸುಮಾರು 12 ಮೈಲಿ, ಅಂದ್ರೆ 19 ಕಿ.ಮೀ, ಹಳ್ಳದ ಎರಡೂ ದಡದ ಮೇಲೆ ದಾರಿ ಇದೆ. ದಕ್ಷಿಣದ ದಡ ಡಾಂಬರು, ಅಲ್ಲಿ ರೋಡ್ ಬೈಕ್‌ನೋರು, ಮಕ್ಕಳ ಗಾಡಿ ತಳ್ಳೋರು, ವಾಕಿಂಗ್ ಮಾಡೋ ಅಜ್ಜ ಅಜ್ಜಿ ಎಲ್ಲ ಇರ್ತಾರೆ. ಉತ್ತರದ ದಡ ಜಲ್ಲಿ, ಕುದುರೆ ಸವಾರರಿಗೂ ಅದೇ ದಾರಿ, ಜನ ಕಮ್ಮಿ, ನಮಗೆ ಬೇಕಾಗಿರೋದು ಅದು. ಮೇಲೆ ದೊಡ್ಡ ರೋಡ್ ಬಂದಾಗೆಲ್ಲ ದಾರಿ ಸೇತುವೆ ಕೆಳಗೆ ಇಳಿದು ಆಚೆ ಕಡೆ ಏಳುತ್ತೆ, ಹಂಗಾಗಿ ಎಲ್ಲೂ ಕಾರಿಗೆ ಕಾಯೋ ಪ್ರಶ್ನೆನೇ ಇಲ್ಲ, ತಲೆ ಮೇಲೆ ಟ್ರಾಫಿಕ್ ಗುಡುಗ್ತಾ ಇರುತ್ತೆ ಕೆಳಗೆ ನಿಮ್ಮ ಟೈರಿನ ಕರಕರ ಸದ್ದು ಅಷ್ಟೇ. ಈ ಇಳಿಜಾರುಗಳಲ್ಲಿ ಮಾತ್ರ ಜೋಪಾನ, ಬಿಸಿಲಿಂದ ಸೇತುವೆ ನೆರಳಿಗೆ ಹೋದಾಗ ಒಂದು ಕ್ಷಣ ಕಣ್ಣು ಕತ್ತಲೆ ಬರುತ್ತೆ, ಎದುರಿಂದ ಯಾರೋ ಬರ್ತಿರ್ತಾರೆ, ಇಳಿಯೋಕೆ ಮುಂಚೆನೇ ಸ್ಪೀಡ್ ತೆಗೀರಿ. ಚಳಿಗಾಲದ ಮಳೆ ಬಂದಾಗ ಈ ಕೆಳದಾರಿಗಳಲ್ಲಿ ನೀರು ನಿಲ್ಲುತ್ತೆ, ಗೇಟ್ ಹಾಕಿದ್ರೆ ಹಾರ್ಕೊಂಡು ಹೋಗಬೇಡಿ.

ಪೂರ್ತಿ 12 ಮೈಲಿ ಮೊದಲ ದಿನನೇ ಬೇಡ. ಇಶರ್‌ವುಡ್ ವೇ ಹತ್ರ ಒಂದು ಸ್ಟೇಜಿಂಗ್ ಏರಿಯಾ ಇದೆ, ಉತ್ತರದ ದಡದಲ್ಲೇ, ಕಾರ್ ನಿಲ್ಲಿಸಿ ಅಲ್ಲಿಂದ ಪಶ್ಚಿಮಕ್ಕೆ ಹೊರಡಿ. ಪಕ್ಕದಲ್ಲೇ ಕ್ವಾರಿ ಲೇಕ್ಸ್, ಹಿಂದೆ ಜಲ್ಲಿ ತೆಗೆದ ಗುಂಡಿಗಳೇ ಈಗ ಕೆರೆ ಆಗಿರೋದು. ಕಾರ್ ಇಲ್ಲದೋರು ಬಾರ್ಟ್ ಟ್ರೈನಲ್ಲಿ ಸೈಕಲ್ ಹಾಕ್ಕೊಂಡು ಫ್ರೀಮಾಂಟ್ ಅಥವಾ ಯೂನಿಯನ್ ಸಿಟಿ ಸ್ಟೇಷನಲ್ಲಿ ಇಳೀಬಹುದು, ಅಲ್ಲಿಂದ ಟ್ರೇಲ್ ತನಕ ಸ್ವಲ್ಪ ರೋಡ್ ಇದೆ, ಭಾನುವಾರ ಬೆಳಿಗ್ಗೆ ಆದ್ರೆ ಅದೂ ಖಾಲಿ ಇರುತ್ತೆ.

ಒಂದು ವಿಷಯ ಮರೀಬೇಡಿ, ಇದನ್ನ ಯಾರೂ ಹೇಳಲ್ಲ. ಜಲ್ಲಿ ಇರೋದು ಉತ್ತರದ ದಡದಲ್ಲಿ, ಕಯೋಟಿ ಹಿಲ್ಸ್ ಅನ್ನೋ ಗುಡ್ಡದ ಪಾರ್ಕು ಮತ್ತೆ ರೆಫ್ಯೂಜ್ ಇರೋದು ದಕ್ಷಿಣದ ಕಡೆ. ಮಧ್ಯ ಹಳ್ಳ. ದಾಟಬೇಕು ಅಂದ್ರೆ ರೋಡಿನ ಸೇತುವೆ ಮೇಲೆ ಹತ್ತಿ ಫುಟ್‌ಪಾತಲ್ಲಿ ದಾಟಬೇಕು, ಪಶ್ಚಿಮಕ್ಕೆ ಹೋಗ್ತಾ ಸಿಗೋ ಕೊನೇ ರೋಡ್ ಸೇತುವೆ ಯೂನಿಯನ್ ಸಿಟಿ ಬೋಲೆವಾರ್ಡ್‌ದು, ಹಳ್ಳದ ದಕ್ಷಿಣಕ್ಕೆ ಅದೇ ರೋಡಿಗೆ ಆರ್ಡನ್‌ವುಡ್ ಬೋಲೆವಾರ್ಡ್ ಅಂತ ಹೆಸರು. ಅದು ದಾಟಿ ಮುಂದೆ ಹೋಗ್ಬಿಟ್ರೆ ಉತ್ತರದ ದಡ ಬೇ ಅಂಚಿಗೆ ಹೋಗಿ ನಿಲ್ಲುತ್ತೆ, ಆಚೆ ದಡದಲ್ಲಿ ಕಯೋಟಿ ಹಿಲ್ಸ್ ಗುಡ್ಡ ಕಣ್ಣಿಗೆ ಕಾಣ್ತಾ ಇರುತ್ತೆ, ಕೈಗೆ ಸಿಗಲ್ಲ. ನಾನು ಮೊದಲ ಸಲ ಹಂಗೇ ಹೋಗಿ ಅಷ್ಟೂ ದೂರ ವಾಪಸ್ ಬಂದಿದೀನಿ, ನೀರು ಬೇರೆ ಮುಗಿದಿತ್ತು.

ಸೇತುವೆ ದಾಟಿ ದಕ್ಷಿಣದ ದಡದಲ್ಲಿ ಪಶ್ಚಿಮಕ್ಕೆ ಹೋಗ್ತಿದ್ರೆ ಎಡಕ್ಕೆ ಕಯೋಟಿ ಹಿಲ್ಸ್ ರೀಜನಲ್ ಪಾರ್ಕಿಗೆ ದಾರಿ ಬರುತ್ತೆ. ಗುಡ್ಡ ಸುತ್ತೋ ಬೇವ್ಯೂ ಟ್ರೇಲ್ ಸುಮಾರು 3.5 ಮೈಲಿ, ಡಾಂಬರೇ, ಆದ್ರೆ ಬೇ ಕಡೆ ಒಂದೆರಡು ಏರು ಚೆನ್ನಾಗಿ ಉಸಿರು ಎತ್ತಿಸುತ್ತೆ. ಪಕ್ಕದಲ್ಲಿ ಕೆಂಪು ಕಲ್ಲಿನ ಪದರ ಕಾಣುತ್ತೆ, ಮಡಚಿಟ್ಟ ಕಂಬಳಿ ಥರ, ಅದು ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಕೂತು ಕೂತು ಗಟ್ಟಿಯಾದ ಚರ್ಟ್ ಕಲ್ಲು. ಈ ನೆಲ ತೂಯಿಬುನ್ ಓಲೋನಿ ಜನರದು, ಅವರ ಹಳ್ಳಿ ಇದ್ದ ಜಾಗ ಇಲ್ಲೇ ಇದೆ, ಬೇಲಿ ಹಾಕಿ ಕಾಪಾಡಿದಾರೆ. ವಿಸಿಟರ್ ಸೆಂಟರ್ ಹತ್ರ ಕುಡಿಯೋ ನೀರು, ಟಾಯ್ಲೆಟ್ ಇದೆ, ಇಲ್ಲೇ ಬಾಟಲಿ ತುಂಬಿಸ್ಕೊಳಿ, ಮುಂದೆ ಕಟ್ಟೆ ಮೇಲೆ ಒಂದು ಹನಿ ನೀರೂ ಇಲ್ಲ, ಒಂದು ಮರದ ನೆರಳೂ ಇಲ್ಲ.

ಕಯೋಟಿ ಹಿಲ್ಸ್‌ನಿಂದ ದಕ್ಷಿಣಕ್ಕೆ ಅಪಾಯ್ ವೇ ಅಂತ ಒಂದು ಜಲ್ಲಿ ದಾರಿ ಹೊರಡುತ್ತೆ, ಹೈವೇ 84ರ ಮೇಲೆ ಒಂದು ಸೇತುವೆ ಇದೆ, ನಡೆಯೋರಿಗೆ ಸೈಕಲ್‌ನೋರಿಗೆ ಮಾತ್ರ, ಕೆಳಗೆ ಡಂಬಾರ್ಟನ್ ಸೇತುವೆ ಕಡೆ ಕಾರುಗಳು ಹೋಗ್ತಿರ್ತವೆ. ಆಚೆ ಇಳಿದ್ರೆ ರೆಫ್ಯೂಜ್‌ನ ಮುಖ್ಯ ಜಾಗ. ಅಲ್ಲಿಂದ ನ್ಯೂವರ್ಕ್ ಸ್ಲೂ ಟ್ರೇಲ್, ಸುಮಾರು 5 ಮೈಲಿಯ ಸುತ್ತು, ನಂಗೆ ತುಂಬಾ ಇಷ್ಟ ಆಗೋದು ಇದು. ಒಂದು ಕಡೆ ಹಾವಿನ ಥರ ತಿರುಗೋ ಉಬ್ಬರದ ತೋಡು, ಇನ್ನೊಂದು ಕಡೆ ಉಪ್ಪಿನ ಕೊಳ, ದೂರದಲ್ಲಿ ಬಿಳಿ ಉಪ್ಪಿನ ಗುಡ್ಡೆ. ಇಲ್ಲಿ ಇನ್ನೂ ಉಪ್ಪು ಮಾಡ್ತಾರೆ, ಬೇಯಿಂದ ಒಳಗೆ ಬಿಟ್ಟ ನೀರು ಕೊಳದಿಂದ ಕೊಳಕ್ಕೆ ಸರೀತಾ ಉಪ್ಪಾಗೋಕೆ ಹತ್ತಿರ ಹತ್ತಿರ 5 ವರ್ಷ ಹಿಡಿಯುತ್ತೆ. ಕೊಳದ ಬಣ್ಣ ನೋಡಿ ಉಪ್ಪು ಎಷ್ಟು ಗಟ್ಟಿಯಾಗಿದೆ ಅಂತ ಹೇಳಬಹುದು, ಕಮ್ಮಿ ಉಪ್ಪಿದ್ರೆ ಹಸಿರು, ಸ್ವಲ್ಪ ಏರಿದ್ರೆ ಸಣ್ಣ ಸೀಗಡಿ ತುಂಬಿ ಕಿತ್ತಳೆ ಛಾಯೆ, ತುಂಬಾ ಗಟ್ಟಿಯಾದ್ರೆ ಉಪ್ಪಲ್ಲೇ ಬದುಕೋ ಸೂಕ್ಷ್ಮಜೀವಿಗಳಿಂದ ಕುಂಕುಮದ ನೀರಿನ ಥರ ಕೆಂಪು. ವಿಮಾನ ಇಳಿಯೋವಾಗ ಕಿಟಕಿಯಿಂದ ಕಾಣೋ ಬಣ್ಣದ ಚೌಕಗಳು ಇವೇ.

ಸ್ಯಾನ್ ಹೋಸೆ, ಸನ್ನಿವೇಲ್ ಕಡೆ ಇರೋರಿಗೆ ಆಲ್ವಿಸೋ ಹತ್ರ. ಆಲ್ವಿಸೋ ಮರೀನಾ ಕೌಂಟಿ ಪಾರ್ಕಲ್ಲಿ ಕಾರ್ ನಿಲ್ಲಿಸಿದ್ರೆ ಆಲ್ವಿಸೋ ಸ್ಲೂ ಟ್ರೇಲ್ 9 ಮೈಲಿಯ ಸುತ್ತು, ಪೂರ್ತಿ ಸಮತಟ್ಟು, ಪೂರ್ತಿ ಬಯಲು, ಮಧ್ಯದಲ್ಲಿ ಎಲ್ಲೂ ಶಾರ್ಟ್‌ಕಟ್ ಇದೆ ಅಂದ್ಕೊಂಡು ಹೋಗಬೇಡಿ, ಅರ್ಧ ದೂರ ಹೋದ್ಮೇಲೆ ಹಿಂದೆ ಬಂದ್ರೂ ಅಷ್ಟೇ ಮುಂದೆ ಹೋದ್ರೂ ಅಷ್ಟೇ. ಒಂದು ಕಡೆ ರೈಲು ಹಳಿ ಪಕ್ಕದಲ್ಲೇ ಬರುತ್ತೆ, ಜೌಗಿನ ಮಧ್ಯೆ ಟ್ರೈನ್ ಹೋಗೋದು ನೋಡೋಕೆ ಮಕ್ಕಳಿಗೆ ತುಂಬಾ ಖುಷಿ. ಆ ಹಳಿ ಮುಂದೆ ಡ್ರಾಬ್ರಿಡ್ಜ್ ಅನ್ನೋ ಪಾಳು ಊರಿನ ಮೇಲೆ ಹೋಗುತ್ತೆ, 1876ರಲ್ಲಿ ಶುರುವಾದ ಊರು, ಕೊನೇ ಮನುಷ್ಯ ಬಿಟ್ಟು ಹೋಗಿದ್ದು 1979ರಲ್ಲಿ, ಈಗ ಮನೆಗಳು ಒಂದೊಂದಾಗಿ ಕೆಸರಲ್ಲಿ ಮುಳುಗ್ತಾ ಇವೆ. ಅಲ್ಲಿಗೆ ಹೋಗೋಕೆ ಬಿಡಲ್ಲ, ಹಳಿ ಮೇಲೆ ನಡೆಯೋ ಹುಚ್ಚು ಧೈರ್ಯ ಮಾಡಬೇಡಿ.

ಯಾವ ದಾರಿ ಆದ್ರೂ ಶುರುವಲ್ಲಿ ಇರೋ ಬೋರ್ಡ್ ಓದಿ. ಕೆಲವು ಟ್ರೇಲ್‌ಗಳಲ್ಲಿ ಸೈಕಲ್‌ಗೆ ಬಿಡ್ತಾರೆ, ಕೆಲವದರಲ್ಲಿ ನಡೆಯೋರಿಗೆ ಮಾತ್ರ. ಕಟ್ಟೆ ರಿಪೇರಿ, ಜೌಗು ಸರಿ ಮಾಡೋ ಕೆಲಸ, ಮೊಟ್ಟೆ ಇಡೋ ಕಾಲ, ಬಾತುಕೋಳಿ ಬೇಟೆ ಸೀಸನ್ ಅಂತ ಕೆಲವು ಭಾಗ ಮುಚ್ಚಿರ್ತಾರೆ, ಹೊರಡೋ ಹಿಂದಿನ ರಾತ್ರಿ ರೆಫ್ಯೂಜ್ ಮತ್ತೆ ಪಾರ್ಕ್‌ನವರ ಸೂಚನೆ ಒಂದ್ಸಲ ನೋಡ್ಕೊಂಡ್ರೆ ಗೇಟ್ ಮುಂದೆ ನಿಂತು ಬೇಜಾರು ಮಾಡ್ಕೊಳೋದು ತಪ್ಪುತ್ತೆ. ಗೇಟ್ ಯಾವಾಗ ಮುಚ್ತಾರೆ ಅನ್ನೋದೂ ನೋಡಿ, ಕಾರ್ ಒಳಗೆ ಸಿಕ್ಕಿಕೊಂಡ್ರೆ ಕಷ್ಟ.

ಈಗ ಗಾಳಿ. ಇಲ್ಲಿನ ಅರ್ಧ ವಿದ್ಯೆ ಇದೇ. ಬೇಸಿಗೇಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾಯುತ್ತೆ, ಬಿಸಿ ಗಾಳಿ ಮೇಲೇಳುತ್ತೆ, ಆ ಜಾಗ ತುಂಬೋಕೆ ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಮತ್ತೆ ಗುಡ್ಡದ ಸಂದಿಗಳಿಂದ ನುಗ್ಗಿ ಬೇ ಮೇಲೆ ಬೀಸುತ್ತೆ. ಬೆಳಿಗ್ಗೆ ಏಳು ಗಂಟೆಗೆ ಕೊಳದ ನೀರು ಕನ್ನಡಿ ಥರ ಇರುತ್ತೆ, ಹನ್ನೊಂದಕ್ಕೆ ಸಣ್ಣ ಅಲೆ, ಮಧ್ಯಾಹ್ನ ಎರಡಕ್ಕೆ ಸೈಕಲ್ ಪಕ್ಕಕ್ಕೆ ವಾಲಿಸ್ಕೊಂಡು ಓಡಿಸಬೇಕು. ಗಾಳಿ ಬರೋದು ಪಶ್ಚಿಮ, ವಾಯವ್ಯದಿಂದ. ಹಂಗಾಗಿ ಲೆಕ್ಕ ಸುಲಭ, ಬೆಳಿಗ್ಗೆ ಬೇಗ ಬೇ ಕಡೆ ಹೋಗಿ, ಗಾಳಿ ಏಳೋ ಹೊತ್ತಿಗೆ ಬೆನ್ನಿಗೆ ಹಾಕ್ಕೊಂಡು ನೈಲ್ಸ್ ಕಡೆ ವಾಪಸ್ ಬನ್ನಿ, ಪೆಡಲ್ ತುಳಿಯೋದೇ ಗೊತ್ತಾಗಲ್ಲ. ಮಧ್ಯಾಹ್ನ ಬೇ ಕಡೆಯಿಂದ ಶುರು ಮಾಡಿ ಪೂರ್ವಕ್ಕೆ ಹೋದ್ರೆ ಹೋಗೋವಾಗ ನಾನು ಎಷ್ಟು ಗಟ್ಟಿಗ ಅನ್ಸುತ್ತೆ, ವಾಪಸ್ ಬರೋವಾಗ ಪ್ರತಿ ಮೈಲಿಗೂ ಬೆಲೆ ಕಟ್ಟಬೇಕಾಗುತ್ತೆ. ಮಕ್ಕಳನ್ನ ಕರ್ಕೊಂಡು ಹೋಗೋರು ಇದನ್ನ ಇನ್ನೂ ಗಮನ ಇಡಿ, ಮಗು ಸುಸ್ತಾಗೋದು ವಾಪಸ್ ಬರೋವಾಗಲೇ. ಮಕ್ಕಳಿಗೆ ಹೆಲ್ಮೆಟ್ ಕ್ಯಾಲಿಫೋರ್ನಿಯಾದಲ್ಲಿ 18 ವರ್ಷದ ತನಕ ಕಾನೂನು, ದೊಡ್ಡೋರೂ ಹಾಕ್ಕೊಳಿ.

ಸೈಕಲ್ ವಿಷಯಕ್ಕೆ ಬರೋಣ. ಗ್ರಾವೆಲ್ ಬೈಕ್, ಅಂದ್ರೆ ಜಲ್ಲಿ ದಾರಿಗೆ ಅಂತಲೇ ಮಾಡಿದ ಸೈಕಲ್ ಇದ್ರೆ ಒಳ್ಳೇದು, ಇಲ್ಲ ಅಂತ ಹೊಸದು ತಗೋಬೇಡಿ, ಗ್ಯಾರೇಜಲ್ಲಿರೋ ಹೈಬ್ರಿಡ್ಡು, ಹಳೇ ಮೌಂಟನ್ ಬೈಕು ಎಲ್ಲ ಧಾರಾಳವಾಗಿ ನಡಿಯುತ್ತೆ. ನೋಡಬೇಕಾಗಿರೋದು ಟೈರ್ ಅಗಲ. 38 ಮಿ.ಮೀ ಇಂದ 45 ಮಿ.ಮೀ ಇದ್ರೆ ಆರಾಮ, 32ರಲ್ಲಿ ಕ್ರೀಕ್ ಟ್ರೇಲ್ ಮಾಡಬಹುದು ಆದ್ರೆ ಹೊಸದಾಗಿ ದಪ್ಪ ಜಲ್ಲಿ ಸುರಿದಿರೋ ಕಡೆ ಕೈ ಜೋಮು ಹಿಡಿಯುತ್ತೆ. ಹೊಸಬರು ಎಲ್ಲರೂ ಮಾಡೋ ತಪ್ಪು ಗಾಳಿ ಗಟ್ಟಿಯಾಗಿ ತುಂಬೋದು. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತೆ, ಮೆತ್ತಗಿನ ಟೈರು ಕಲ್ಲನ್ನ ನುಂಗ್ಕೊಂಡು ಹೋಗುತ್ತೆ. ನಂದು 74 ಕೆಜಿ ತೂಕ, 40 ಮಿ.ಮೀ ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ಮುಂದೆ 32 ಹಿಂದೆ 35 ಪಿಎಸ್‌ಐ ಇಡ್ತೀನಿ, ಟ್ಯೂಬ್ ಹಾಕಿರೋರು ಇದಕ್ಕಿಂತ ಐದಾರು ಜಾಸ್ತಿ ಇಡಿ, ಇಲ್ಲಾಂದ್ರೆ ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂಗೆ ಎರಡು ತೂತಾಗುತ್ತೆ.

ಪಂಕ್ಚರ್ ಅಂದ್ರೆ ನೆನಪಾಯ್ತು, ಇಲ್ಲಿ ಎಲ್ಲರೂ ಬಯ್ಯೋ ಗೋಟ್‌ಹೆಡ್ ಮುಳ್ಳು ಬೇರೇನೂ ಅಲ್ಲ, ನಮ್ಮ ನೆಗ್ಗಿಲ ಮುಳ್ಳೇ. ಅದೇ ಗಿಡ, ಅದೇ ಹಳದಿ ಹೂವು, ಊರಲ್ಲಿ ಬರಿಗಾಲಿಗೆ ಚುಚ್ತಿತ್ತು ಇಲ್ಲಿ ಟೈರಿಗೆ ಚುಚ್ಚುತ್ತೆ. ಬೇಸಿಗೆ ಕೊನೇಲಿ ದಾರಿ ಅಂಚಲ್ಲಿ, ಪಾರ್ಕಿಂಗ್ ಮೂಲೇಲಿ ಜಾಸ್ತಿ, ಅದಕ್ಕೇ ಸೈಕಲ್ ಹುಲ್ಲು ಅಂಚಿಗೆ ತಳ್ಕೊಂಡು ಹೋಗಿ ನಿಲ್ಲಿಸಬೇಡಿ. ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ ಹಾಕಿಸಿದ್ರೆ ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತೆ. ಟ್ಯೂಬ್‌ನೋರು ಎರಡು ಸ್ಪೇರ್ ಟ್ಯೂಬು, ಪಂಪು, ಟೈರ್ ಲಿವರ್ ಇಲ್ಲದೇ ಕಟ್ಟೆ ಹತ್ತಲೇಬೇಡಿ, ಅಲ್ಲಿಂದ ನಡ್ಕೊಂಡು ಬರೋದು ಬಿಸಿಲಲ್ಲಿ ಒಂದೂವರೆ ಗಂಟೆ ಕೆಲಸ. ಕನ್ನಡಕ ಹಾಕ್ಕೊಳಿ, ಕೊಳದ ಅಂಚಲ್ಲಿ ಉಪ್ಪು ನೊಣ ಮೋಡ ಮೋಡವಾಗಿ ಏಳುತ್ತೆ, ಕಚ್ಚಲ್ಲ, ಕಣ್ಣಿಗೆ ಬಾಯಿಗೆ ನುಗ್ಗುತ್ತೆ ಅಷ್ಟೇ. ನೀರು ಎರಡು ಬಾಟಲಿ, ಸನ್‌ಸ್ಕ್ರೀನು, ಬೆಳಿಗ್ಗೆ ಚಳಿಗೆ ತೆಳು ಜಾಕೆಟ್ಟು.

ಜಲ್ಲಿ ಮೇಲೆ ಓಡಿಸೋದು ಡಾಂಬರಿನ ಥರ ಅಲ್ಲ. ಹ್ಯಾಂಡಲ್ ಗಟ್ಟಿಯಾಗಿ ಹಿಡಿಬೇಡಿ, ಕೈ ಮೊಣಕೈ ಸಡಿಲ ಬಿಡಿ, ಮುಂದಿನ ಚಕ್ರ ಅತ್ತಿತ್ತ ಆಡುತ್ತೆ, ಆಡಲಿ ಬಿಡಿ, ಅದು ತಾನೇ ದಾರಿ ಹುಡುಕ್ಕೊಳುತ್ತೆ. ಕಣ್ಣು ಚಕ್ರದ ಮುಂದಲ್ಲ, ಹತ್ತು ಮೀಟರ್ ದೂರದಲ್ಲಿರಲಿ. ಪಾರ್ಕ್‌ನವರ ಟ್ರಕ್ ಓಡಾಡಿ ಎರಡು ಗಾಲಿ ಜಾಡು ಬಿದ್ದಿರುತ್ತೆ, ಅದರಲ್ಲಿ ಹೋಗಿ, ಮಧ್ಯದ ಏಣಿನಲ್ಲಿ ಸಡಿಲ ಕಲ್ಲು ಸೇರಿರುತ್ತೆ. ಕಟ್ಟೆ ತಿರುವಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ, ತಿರುವಿಗೆ ಮುಂಚೆನೇ ಸ್ಪೀಡ್ ತೆಗೆದು ಮುಗಿಸಿ. ಎರಡೂ ಕಡೆ ಇಳಿಜಾರು, ಕೆಳಗೆ ಕೆಸರು, ಆ ಕೆಸರಲ್ಲಿ ಕಾಲಿಟ್ರೆ ಮೊಣಕಾಲ ತನಕ ಹೋಗುತ್ತೆ.

ಉತ್ತರದ ದಡದಲ್ಲಿ ಕುದುರೆ ಎದುರಾಗುತ್ತೆ ಅಂದೆನಲ್ಲ, ಅದಕ್ಕೊಂದು ರೀತಿ ಇದೆ. ದೂರದಲ್ಲೇ ನಿಧಾನ ಮಾಡಿ, ಹಿಂದಿನಿಂದ ಹೋಗ್ತಿದ್ರೆ ಬೆಲ್ ಹೊಡೀಬೇಡಿ, ಬಾಯಲ್ಲಿ ಗುಡ್ ಮಾರ್ನಿಂಗ್ ಅನ್ನಿ, ಮನುಷ್ಯರ ಧ್ವನಿ ಕೇಳಿದ್ರೆ ಕುದುರೆಗೆ ಇದು ಮನುಷ್ಯ ಅಂತ ಗೊತ್ತಾಗಿ ಸಮಾಧಾನ ಆಗುತ್ತೆ, ಸದ್ದಿಲ್ಲದೇ ಹಿಂದಿನಿಂದ ಬರೋ ಚಕ್ರ ಅದಕ್ಕೆ ಹುಲಿ ಬಂದಂಗೆ. ಸವಾರರು ಹೋಗಿ ಅಂದ್ಮೇಲೆ ಹೋಗಿ.

ಈಗ ನಂಗೆ ಮನಸ್ಸಿಗೆ ತುಂಬಾ ಹತ್ರ ಇರೋ ವಿಷಯ. ಎರಡು ವರ್ಷದ ಹಿಂದೆ ಏಪ್ರಿಲ್ ಕೊನೇಲಿ ಬೆಳಿಗ್ಗೆ ಕಟ್ಟೆ ಮೇಲೆ ಹೋಗ್ತಿದ್ದೆ, ಮುಂದೆ ಒಂದು ಹಕ್ಕಿ ಜೋರಾಗಿ ಕಿರುಚ್ತಾ ಒಂದು ರೆಕ್ಕೆ ನೆಲಕ್ಕೆ ಎಳ್ಕೊಂಡು ಕುಂಟ್ತಾ ಓಡ್ತಿತ್ತು. ಎದೆ ಮೇಲೆ ಎರಡು ಕಪ್ಪು ಪಟ್ಟಿ, ಬಾಲ ಬಿಚ್ಚಿದ್ರೆ ಬುಡದಲ್ಲಿ ಕಿತ್ತಳೆ ಬಣ್ಣ. ಪಾಪ ಗಾಯ ಆಗಿದೆ ಅಂತ ಇಳಿದು ಅದರ ಹಿಂದೆ ಎರಡು ಹೆಜ್ಜೆ ಇಟ್ಟೆ, ಅದು ಇನ್ನೂ ದೂರ ಕುಂಟ್ತು. ಆಗ ತಲೆಗೆ ಹೊಳೀತು, ಊರಲ್ಲಿ ಟಿಟ್ಟಿಭ ಗದ್ದೆ ಅಂಚಲ್ಲಿ ಮೊಟ್ಟೆ ಇಟ್ಟಾಗ ತಲೆ ಮೇಲೆ ಬಂದು ಅರಚೋದು, ನಮ್ಮನ್ನ ಬೇರೆ ಕಡೆ ಎಳ್ಕೊಂಡು ಹೋಗೋದು. ಇದು ಕಿಲ್‌ಡಿಯರ್, ಟಿಟ್ಟಿಭದ ದಾಯಾದಿ. ಅಲ್ಲೇ ನಿಂತು ಕೆಳಗೆ ನೋಡ್ದೆ. ನನ್ನ ಮುಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ, ಗೂಡಿಲ್ಲ ಗೀಡಿಲ್ಲ, ಬರೀ ಜಲ್ಲಿ ಮೇಲೆ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಹೂವಿನ ಎಸಳಿನ ಥರ ಜೋಡಿಸಿಟ್ಟಂಗೆ ಇದ್ವು. ಮಣ್ಣು ಬಣ್ಣ, ಮೇಲೆ ಕಪ್ಪು ಚುಕ್ಕೆ. ಕಣ್ಣು ಆ ಕಡೆ ಈ ಕಡೆ ತಿರುಗಿಸಿ ಮತ್ತೆ ನೋಡಿದ್ರೆ ಕಾಣಲ್ಲ, ಜಲ್ಲೀಲಿ ಜಲ್ಲಿ. ಆ ಹಕ್ಕಿ ಕಿರುಚದೇ ಇದ್ದಿದ್ರೆ ನನ್ನ ಟೈರು ಅದರ ಮೇಲೇ ಹೋಗ್ತಿತ್ತು. ನಾನು ಅದೇ ಜಾಡಲ್ಲಿ ಸೈಕಲ್ ಹಿಂದಕ್ಕೆ ತಳ್ಕೊಂಡು ಬಂದು ಅವತ್ತು ಅಲ್ಲಿಂದಲೇ ವಾಪಸ್ ಹೋದೆ.

ಅವತ್ತಿಂದ ನನ್ನ ಪದ್ಧತಿ ಹಿಂಗೆ. ಮಾರ್ಚಿಂದ ಆಗಸ್ಟ್ ತನಕ ಗಾಲಿ ಜಾಡು ಬಿಟ್ಟು ಅಂಚಿಗೆ ಹೋಗಲ್ಲ, ಕಿಲ್‌ಡಿಯರ್ ಆಗಲಿ, ಉದ್ದ ಗುಲಾಬಿ ಕಾಲಿನ ಸ್ಟಿಲ್ಟ್ ಆಗಲಿ, ಮೇಲಕ್ಕೆ ಬಾಗಿದ ಕೊಕ್ಕಿನ ಅವೊಸೆಟ್ ಆಗಲಿ ನನ್ನ ತಲೆ ಮೇಲೆ ಸುತ್ತಿ ಕೂಗಿದ್ರೆ ಫೋಟೋಗೆ ನಿಲ್ಲಲ್ಲ, ಇಳಿದು ನೆಲ ನೋಡ್ಕೊಂಡು ಬೇಗ ಆ ಜಾಗ ದಾಟ್ತೀನಿ, ಮೊಟ್ಟೆ ದಾರೀಲೇ ಇದ್ರೆ ವಾಪಸ್. ಅವು ನಮ್ಮನ್ನ ಓಡಿಸೋಕೆ ಎದ್ದು ಬಂದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತೆ, ಸೀಗಲ್ಲು ಕಾಗೆ ನೋಡ್ತಾ ಇರುತ್ತೆ. ಇನ್ನೂ ಪುಟ್ಟ ಹಕ್ಕಿ ಸ್ನೋಯಿ ಪ್ಲವರ್ ಅಂತಿದೆ, 1993ರಿಂದ ಅಪಾಯದಲ್ಲಿರೋ ಪಟ್ಟೀಲಿದೆ, ಒಣಗಿದ ಉಪ್ಪಿನ ಕೊಳದ ಬಿಳಿ ನೆಲದಲ್ಲಿ ಮೊಟ್ಟೆ ಇಡುತ್ತೆ, ಕೊಳ ಒಣಗಿದೆ ಗಟ್ಟಿಯಾಗಿದೆ ಅಂತ ಯಾರೂ ಸೈಕಲ್ ಇಳಿಸಬೇಡಿ.

ಚಳಿಗಾಲದಲ್ಲಿ ಬೇರೆ ಥರದ ಎಚ್ಚರ ಬೇಕು. ಡಿಸೆಂಬರ್ ಜನವರೀಲಿ ಕಿಂಗ್ ಟೈಡ್ ಅಂತ ವರ್ಷದ ಅತಿ ದೊಡ್ಡ ಉಬ್ಬರ ಬರುತ್ತೆ, ಜೌಗಿನ ಹುಲ್ಲೆಲ್ಲ ಮುಳುಗುತ್ತೆ. ಆ ಹುಲ್ಲಲ್ಲಿ ಬದುಕೋ ರಿಡ್ಜ್‌ವೇಸ್ ರೈಲ್ ಅನ್ನೋ ನಾಚಿಕೆ ಹಕ್ಕಿ, ಹೆಬ್ಬೆರಳಷ್ಟಿರೋ ಉಪ್ಪು ಜೌಗಿನ ಇಲಿ, ಎರಡೂ 1970ರಿಂದ ಅಳಿವಿನ ಅಂಚಿನ ಪಟ್ಟೀಲಿರೋವು, ನೀರು ಏರಿದಾಗ ಅವಕ್ಕೆ ಉಳಿಯೋದು ಕಟ್ಟೆ ಅಂಚಿನ ಪೊದೆ ಮಾತ್ರ. ನಾವು ಓಡಾಡಿ ಅಲ್ಲಿಂದಲೂ ಎಬ್ಬಿಸಿದ್ರೆ ಗಿಡುಗದ ಬಾಯಿಗೆ ಹೋಗ್ತವೆ. ಆ ಎರಡು ಮೂರು ದಿನ ಉಬ್ಬರದ ಹೊತ್ತಲ್ಲಿ ನಾನು ಕಟ್ಟೆಗೆ ಹೋಗಲ್ಲ, ಕಯೋಟಿ ಹಿಲ್ಸ್ ಗುಡ್ಡದ ಮೇಲೆ ನಿಂತು ನೋಡ್ತೀನಿ. ಉಳಿದಂತೆ ಚಳಿಗಾಲನೇ ಹಕ್ಕಿಗಳ ಸುಗ್ಗಿ, ಅಲಾಸ್ಕಾ ಕೆನಡಾ ಕಡೆಯಿಂದ ಲಕ್ಷಗಟ್ಟಲೆ ಇಳೀತವೆ, ಬಿಳಿ ಪೆಲಿಕನ್ ಗುಂಪು ಸಾಲಾಗಿ ಈಜ್ತಾ ಒಟ್ಟಿಗೇ ಕೊಕ್ಕು ಮುಳುಗಿಸಿ ಮೀನು ಹಿಡಿಯೋದನ್ನ ಒಂದ್ಸಲ ನೋಡಿದ್ರೆ ಅರ್ಧ ಗಂಟೆ ಹಂಗೇ ಹೋಗುತ್ತೆ.

ಮಳೆ ಬಂದ್ಮೇಲೆ ಎರಡು ಮೂರು ದಿನ ರೆಫ್ಯೂಜ್ ಕಟ್ಟೆ ಕಡೆ ಹೋಗಬೇಡಿ. ಇದು ಬೇ ಮಣ್ಣು, ನುಣ್ಣನೆ ಜೇಡಿ, ಒದ್ದೆಯಾದ್ರೆ ಟೈರಿಗೆ ಸುತ್ಕೊಂಡು ಫೋರ್ಕ್ ಮಧ್ಯೆ ತುಂಬಿ ಚಕ್ರ ತಿರುಗೋದೇ ನಿಂತೋಗುತ್ತೆ. ನಾನು ಒಂದ್ಸಲ ಹಠ ಮಾಡಿ ಹೋಗಿ ಒಂದು ಮೈಲಿ ಸೈಕಲ್ ಹೊತ್ಕೊಂಡು ಬಂದೆ, ಹಿಂದಿನ ಗೇರ್ ಹಿಡಿದಿರೋ ಕೊಂಡಿ, ಡಿರೇಲರ್ ಹ್ಯಾಂಗರ್, ಬಗ್ಗಿತ್ತು, ಅದಕ್ಕಿಂತ ಬೇಜಾರಾಗಿದ್ದು ಒಂದು ವಾರ ಬಿಟ್ಟು ಹೋದಾಗ ನನ್ನ ಟೈರಿನ ಜಾಡು ಹಂಗೇ ಗಟ್ಟಿಯಾಗಿ ಒಣಗಿ ಕಟ್ಟೆ ಮೇಲೆ ಕೂತಿತ್ತು. ಮುಂದಿನ ಮಳೇಲಿ ನೀರು ಆ ಜಾಡಲ್ಲೇ ಹರಿದು ಕಟ್ಟೆ ಕೊರೆಯುತ್ತೆ. ಕ್ರೀಕ್ ಟ್ರೇಲ್‌ನ ಜಲ್ಲಿ ಬೇಗ ಒಣಗುತ್ತೆ, ಒಂದು ದಿನ ಬಿಟ್ರೆ ಸಾಕು, ಅದೂ ಬೇಡ ಅನ್ಸಿದ್ರೆ ದಕ್ಷಿಣದ ಡಾಂಬರು ಯಾವಾಗ್ಲೂ ಇದೆ.

ಮನೆಗೆ ಬಂದ್ಮೇಲೆ ಅದೇ ದಿನ ಸೈಕಲ್ ತೊಳೀರಿ, ನಾಳೆ ಅನ್ನಬೇಡಿ, ಇಲ್ಲಿನ ಧೂಳಲ್ಲಿ ಉಪ್ಪಿದೆ. ಸಮುದ್ರದ ಪಕ್ಕದ ಊರೋರಿಗೆ ಹೇಳಬೇಕಾಗಿಲ್ಲ, ಕಿಟಕಿ ಸರಳು ಹೆಂಗೆ ತಿನ್ನುತ್ತೆ ಅಂತ ನೋಡಿರ್ತಾರೆ. ಪ್ರೆಶರ್ ವಾಶರ್ ಬೇಡ, ಬೇರಿಂಗ್ ಒಳಗೆ ನೀರು ಹೋಗುತ್ತೆ, ಒಂದು ಬಕೆಟ್ ಸಿಹಿನೀರು, ಹಳೇ ಬನಿಯನ್ ಬಟ್ಟೆ, ಹಳೇ ಟೂತ್‌ಬ್ರಷ್ ಸಾಕು. ಚೈನು, ಬಾಟಲಿ ಕೇಜಿನ ಸ್ಕ್ರೂ, ಬ್ರೇಕ್ ಹತ್ರದ ಬೋಲ್ಟು, ಉಪ್ಪು ಕೂರೋದು ಇಲ್ಲೇ. ಒರೆಸಿ ಒಣಗಿಸಿ ಚೈನಿಗೆ ವ್ಯಾಕ್ಸ್ ಥರದ ಒಣ ಲೂಬ್ ಹಾಕಿ, ಎಣ್ಣೆ ಜಿಡ್ಡಿರೋದು ಹಾಕಿದ್ರೆ ಧೂಳು ಹಿಡಿದು ಉಪ್ಪುಕಾಗದದ ಥರ ಉಜ್ಜುತ್ತೆ. ಇನ್ನೊಂದು, ಇದನ್ನ ಪಾರ್ಕಿಂಗಲ್ಲೇ ಕಾರಿಗೆ ಏರಿಸೋ ಮುಂಚೆ ಮಾಡಿ, ಎರಡೂ ಚಕ್ರ ನಿಧಾನಕ್ಕೆ ತಿರುಗಿಸಿ ನೆಗ್ಗಿಲ ಮುಳ್ಳು ಅಂಟಿದ್ರೆ ಕಿತ್ತು, ನೆಲಕ್ಕೆ ಎಸೀಬೇಡಿ, ಕಸದ ಡಬ್ಬಿಗೆ ಹಾಕಿ, ಆ ಮುಳ್ಳೇ ಬೀಜ, ಬಿದ್ದ ಕಡೆ ಮುಂದಿನ ಬೇಸಿಗೆಗೆ ಗಿಡ ಆಗಿ ಹರಡಿರುತ್ತೆ.